ಜನವರಿ ಹದಿನಾಲ್ಕು: ಶಸ್ತ್ರ ಕೆಳಗಿಟ್ಟವನ ದಿನ

ಮಾಸ್ತಿಗಲ್ಲುಗಳನ್ನು ಬದಿಗಿಟ್ಟರೆ, ಕನ್ನಡ ನಾಡಿನಲ್ಲಿ ಮೃತರ ನೆನಪಿಗೆ ನೆಟ್ಟ ಕಲ್ಲುಗಳಲ್ಲಿ ಎರಡು ಬಗೆಯವು ಮುಖ್ಯವಾದವು. ಒಂದು ವೀರಗಲ್ಲು, ಇನ್ನೊಂದು ನಿಷಿಧಿಗಲ್ಲು. ತುರುಗಳನ್ನು ಬಿಡಿಸಲು ಹೋಗಿ ಮಡಿದವನಿಗೆ, ಊರಿನ ಮೇಲೆ ಬಿದ್ದ ದಾಳಿಯನ್ನು ತಡೆದು ಮಡಿದವನಿಗೆ, ಒಡೆಯನ ಕಾಳಗದಲ್ಲಿ ಬಿದ್ದವನಿಗೆ ವೀರಗಲ್ಲು ನಿಲ್ಲಿಸಿದರು. ಅದರ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ವ್ರತ ಹಿಡಿದು, ಆಹಾರವನ್ನು ಕ್ರಮವಾಗಿ ತೊರೆದು, ಸಮಾಧಿಮರಣದಿಂದ ದೇಹ ಬಿಟ್ಟವರಿಗೆ ನಿಷಿಧಿಗಲ್ಲು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಇಂಥವರ ಹೆಸರುಗಳನ್ನು ಸಾಲು ಸಾಲಾಗಿ ಓದಬಹುದು.

ಈ ಎರಡರ ನಡುವೆ ಒಂದು ತೆರವು ಇದೆ. ಕಾಳಗಕ್ಕೆ ಹೋದ, ಹೋರಾಡಿದ, ಆದರೆ ಸಾಯದೆ ಮನೆಗೆ ಮರಳಿದ ಯೋಧನೊಬ್ಬನಿದ್ದಾನೆ. ಅವನು ಕತ್ತಿಯನ್ನು ಗೋಡೆಗೆ ತೂಗುಹಾಕಿ, ಹೊಲಮನೆ ನೋಡಿಕೊಂಡು, ಮುದುಕನಾಗಿ ಹಾಸಿಗೆಯ ಮೇಲೆ ಪ್ರಾಣ ಬಿಟ್ಟಿದ್ದಾನೆ. ಅವನಿಗೆ ವೀರಗಲ್ಲಿನಲ್ಲೂ ಸ್ಥಾನವಿಲ್ಲ, ನಿಷಿಧಿಯಲ್ಲೂ ಸ್ಥಾನವಿಲ್ಲ. ತುಳುನಾಡಿನ ಸಂಪ್ರದಾಯವೂ ಈ ಮಾತಿನಲ್ಲಿ ಬೇರೆಯಲ್ಲ. ಹರೆಯದಲ್ಲಿ ಹೋರಾಡಿ ಮಡಿದ ಕೋಟಿ-ಚೆನ್ನಯರಿಗೆ ಎಣ್ಮೂರಿನಿಂದ ಮಂಗಳೂರಿನ ಕಂಕನಾಡಿಯವರೆಗೆ ಗರಡಿಗಳಿವೆ, ನೇಮವಿದೆ, ಪಾಡ್ದನವಿದೆ. ಬಾಳಿ ಮುಪ್ಪಾದ ವೀರನಿಗೆ ಪಾಡ್ದನ ಹುಟ್ಟುವುದು ವಿರಳ. ಇಂದಿಗೂ ಮಂಗಳೂರಿನ ಕದ್ರಿ ಗುಡ್ಡದ ಯುದ್ಧ ಸ್ಮಾರಕದ ಮುಂದೆ ನಾವು ಹೂಗುಚ್ಛವಿಡುವುದು ಮಡಿದವರಿಗಾಗಿ. ಅದು ಉಚಿತವೇ. ಆದರೆ ಆ ಹೊತ್ತಿನಲ್ಲಿ ಎದೆಯ ಮೇಲೆ ಪದಕಗಳನ್ನು ಧರಿಸಿ, ಬೆನ್ನು ನೆಟ್ಟಗೆ ಮಾಡಿ ನಿಂತ ಹಿರಿಯರತ್ತ ನಮ್ಮ ಕಣ್ಣು ಎಷ್ಟು ಹೊತ್ತು ನಿಲ್ಲುತ್ತದೆ?

ನಿವೃತ್ತ ಸೇನಾಧಿಕಾರಿಯ ಬಾಳಿನ ಉತ್ತರಾರ್ಧವನ್ನು ಸಮಾಜ ಹೇಗೆ ಓದಬೇಕು, ಅವನ ಅಂತ್ಯಸಂಸ್ಕಾರವನ್ನು ಯಾವ ಕಣ್ಣಿನಿಂದ ನೋಡಬೇಕು ಎಂಬುದು ಈ ಲೇಖನದ ವಿಷಯ. ಇದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಮಂಗಳೂರಿನಿಂದ ಸುಳ್ಯದ ದಾರಿಯಾಗಿ ಘಟ್ಟ ಹತ್ತಿದರೆ ಸಿಗುವ ಮಡಿಕೇರಿಯಲ್ಲಿ ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪನವರ ಮನೆಯಿದೆ. ಅವರ ಹೆಸರನ್ನು ಹೊತ್ತ ಮಡಿಕೇರಿಯ ಕಾಲೇಜು ಬಹುಕಾಲ ಮಂಗಳೂರು ವಿಶ್ವವಿದ್ಯಾನಿಲಯದ ಘಟಕವಾಗಿತ್ತು. ಹಾಗಾಗಿ ಕರಾವಳಿಯ ವಿದ್ಯಾವಂತರಿಗೆ ಆ ಹೆಸರು ಪರಿಚಿತ. ಪರಿಚಿತವಾಗಿರುವುದು ಹೆಸರು ಮಾತ್ರ ಎಂಬುದೇ ನನ್ನ ಆಕ್ಷೇಪ.

ಎರಡು ದಿನಾಂಕಗಳು

ಕೊಡಗಿನ ಶನಿವಾರಸಂತೆಯಲ್ಲಿ ಹುಟ್ಟಿ, ಮಡಿಕೇರಿಯಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಓದಿದ ಕಾರ್ಯಪ್ಪನವರು ಇಂದೋರಿನ ಡೇಲಿ ಕೆಡೆಟ್ ಕಾಲೇಜಿನಲ್ಲಿ ತರಬೇತಿ ಪಡೆದು 1919ರ ಡಿಸೆಂಬರಿನಲ್ಲಿ ಸೇನಾಧಿಕಾರಿಯಾದರು. ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಪ್ರವೇಶ ಪಡೆದ ಮೊದಲ ಭಾರತೀಯ ಅಧಿಕಾರಿ ಅವರು. ಬೆಟಾಲಿಯನ್ನೊಂದರ ನಾಯಕತ್ವ ಪಡೆದ ಮೊದಲ ಭಾರತೀಯರೂ ಅವರೇ. 1949ರ ಜನವರಿ 15ರಂದು ಬ್ರಿಟಿಷ್ ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡು ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವನ್ನು ರಾಷ್ಟ್ರವು ಸೇನಾ ದಿನವೆಂದು ಆಚರಿಸುತ್ತದೆ. ಶಾಲಾ ಮಕ್ಕಳಿಗೂ ಇದು ಗೊತ್ತು.

ಗೊತ್ತಿಲ್ಲದಿರುವುದು ಅದರ ಹಿಂದಿನ ದಿನ. ನಾಲ್ಕು ವರ್ಷಗಳ ಅನಂತರ, 1953ರ ಜನವರಿ 14ರಂದು, ಕಾರ್ಯಪ್ಪನವರು ಸೇವೆಯಿಂದ ನಿವೃತ್ತರಾದರು. ಕೆಲವು ವರ್ಷಗಳಿಂದ ಈ ದಿನವನ್ನು ಸಶಸ್ತ್ರ ಪಡೆಗಳ ನಿವೃತ್ತ ಯೋಧರ ದಿನವೆಂದು ಸರಕಾರ ಆಚರಿಸುತ್ತಿದೆ. ಹೀಗೆ ಒಬ್ಬನೇ ವ್ಯಕ್ತಿ ಅಧಿಕಾರ ಹಿಡಿದ ದಿನವೂ ಅಧಿಕಾರ ಬಿಟ್ಟ ದಿನವೂ ಪಂಚಾಂಗದಲ್ಲಿ ಅಕ್ಕಪಕ್ಕ ಕುಳಿತಿವೆ. ಹಿಡಿದ ದಿನಕ್ಕೆ ದಿಲ್ಲಿಯಿಂದ ಹಳ್ಳಿಯವರೆಗೆ ಸಂಭ್ರಮ. ಬಿಟ್ಟ ದಿನ ಹೆಚ್ಚಿನ ವರ್ಷಗಳಲ್ಲಿ ಮಕರ ಸಂಕ್ರಮಣದ ಎಳ್ಳು-ಬೆಲ್ಲದ ಗದ್ದಲದಲ್ಲಿ ಕಳೆದುಹೋಗುತ್ತದೆ. ಸಂಕ್ರಮಣವೆಂದರೆ ದಾಟುವಿಕೆ. ಸೂರ್ಯ ದಾಟುವುದನ್ನು ಗಮನಿಸುವ ನಾವು, ಒಬ್ಬ ಮನುಷ್ಯ ಅಧಿಕಾರದಿಂದ ಸಾಮಾನ್ಯ ಬಾಳಿಗೆ ದಾಟುವುದನ್ನು ಗಮನಿಸುವುದಿಲ್ಲ.

ಇಲ್ಲಿ ಒಂದು ಸರಳ ಲೆಕ್ಕವಿದೆ. 1919ರಿಂದ 1953ರವರೆಗೆ ಅವರ ಸೇವಾವಧಿ ಮೂವತ್ತಮೂರು ವರ್ಷ. 1953ರಿಂದ 1993ರವರೆಗೆ ಅವರ ನಿವೃತ್ತ ಜೀವನ ನಲವತ್ತು ವರ್ಷ. ಸಮವಸ್ತ್ರ ತೊಟ್ಟು ಬಾಳಿದ್ದಕ್ಕಿಂತ ಹೆಚ್ಚು ಕಾಲ ಅವರು ಅದನ್ನು ಮಡಿಸಿಟ್ಟು ಬಾಳಿದರು. ಆದರೆ ಅವರ ಕುರಿತು ಪಠ್ಯಪುಸ್ತಕದ ಪಾಠವಾಗಲಿ, ಸಭೆಯ ಭಾಷಣವಾಗಲಿ 1953ಕ್ಕೆ ಬಂದು ನಿಲ್ಲುತ್ತದೆ. ಉಳಿದ ನಲವತ್ತು ವರ್ಷಗಳಿಗೆ "ನಿವೃತ್ತಿಯ ನಂತರ ಮಡಿಕೇರಿಯಲ್ಲಿ ನೆಲೆಸಿದ್ದರು" ಎಂಬ ಒಂದು ವಾಕ್ಯ ಸಾಕೆಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ.

ರೋಶನಾರದ ನಲವತ್ತು ವರ್ಷ

ಆ ನಲವತ್ತು ವರ್ಷಗಳಲ್ಲಿ ಮೊದಲ ಮೂರನ್ನು ಅವರು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಭಾರತದ ಹೈಕಮಿಷನರ್ ಆಗಿ ಕಳೆದರು. 1956ರಲ್ಲಿ ಆ ಹೊಣೆ ಮುಗಿಯಿತು. ಅಲ್ಲಿಂದ ಮುಂದೆ ಅವರ ನೆಲೆ ಮಡಿಕೇರಿಯ 'ರೋಶನಾರ' ಎಂಬ ಮನೆ. ರಾಜಧಾನಿಯ ಬಂಗಲೆಯನ್ನಾಗಲಿ ಮಹಾನಗರದ ಸೌಕರ್ಯವನ್ನಾಗಲಿ ನೆಚ್ಚದೆ ಹುಟ್ಟಿದ ನಾಡಿಗೆ ಬಂದು ನಿಂತದ್ದೇ ಒಂದು ನಿರ್ಧಾರ. ಕೊಡಗಿನಲ್ಲಿ ಇದಕ್ಕೆ ಹಿನ್ನೆಲೆಯೂ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ, ನಾಟಿಯ ಕೆಲಸ ಮುಗಿದ ಮೇಲೆ, ಕೊಡವರು ಕೋವಿ-ಕತ್ತಿಗಳನ್ನು ಸಾಲಾಗಿಟ್ಟು ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಕೈಯಲ್ಲಿ ಹಿಡಿದ ಆಯುಧಕ್ಕೆ ಮಾತ್ರವಲ್ಲ, ಕೆಳಗಿಟ್ಟ ಆಯುಧಕ್ಕೂ ಅಲ್ಲಿ ಹೂವಿದೆ. ಯೋಧ ಮತ್ತು ಬೇಸಾಯಗಾರ ಅಲ್ಲಿ ಇಬ್ಬರಲ್ಲ, ಒಬ್ಬನೇ.

ರೋಶನಾರದಲ್ಲಿ ನೆಲೆಸಿದ ಕಾರ್ಯಪ್ಪನವರು ಮಾಡಿದ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮಾಜಿ ಸೈನಿಕರ ಸಂಘಟನೆ. 1964ರಲ್ಲಿ ಅವರು ಭಾರತೀಯ ಮಾಜಿ ಸೈನಿಕರ ಲೀಗನ್ನು ಸ್ಥಾಪಿಸಿದರು. ಸೇವೆ ಮುಗಿಸಿ ಬರುವ ಸೈನಿಕರಿಗೆ ಮರುವಸತಿ ಕಲ್ಪಿಸುವ ಸರಕಾರಿ ನಿರ್ದೇಶನಾಲಯದ ಹಿಂದೆಯೂ ಅವರ ಒತ್ತಾಸೆಯಿತ್ತು. ಇದರ ತೂಕ ಅರಿಯಬೇಕಾದರೆ ಸೈನಿಕನ ಬಾಳಿನ ಒಂದು ಕಟುಸತ್ಯವನ್ನು ನೆನೆಯಬೇಕು. ಸೇನೆಗೆ ಹರೆಯ ಬೇಕು. ಸಿಪಾಯಿಯೊಬ್ಬ ನಲವತ್ತರ ಆಸುಪಾಸಿನಲ್ಲಿಯೇ, ಮಕ್ಕಳು ಇನ್ನೂ ಶಾಲೆಯಲ್ಲಿರುವಾಗಲೇ, ಮನೆಗೆ ಮರಳಬೇಕಾಗುತ್ತದೆ. ಬೇರೆ ನೌಕರಿಯವರು ಬಡ್ತಿಯ ಮೆಟ್ಟಿಲು ಹತ್ತುವ ವಯಸ್ಸಿನಲ್ಲಿ ಅವನು ಹೊಸ ಕೆಲಸ ಹುಡುಕುತ್ತಾನೆ. ದೇಶದ ಅತ್ಯುಚ್ಚ ಸೇನಾಪದವಿಯನ್ನು ಅನುಭವಿಸಿದ ವ್ಯಕ್ತಿ ತನ್ನ ನಿವೃತ್ತಿಯ ಹನ್ನೊಂದನೆಯ ವರ್ಷದಲ್ಲಿ ಈ ಅನಾಮಧೇಯ ಸಿಪಾಯಿಗಳಿಗಾಗಿ ಒಂದು ಸಂಸ್ಥೆ ಕಟ್ಟಿದನೆಂಬುದು, ಯಾವ ರಣರಂಗದ ಗೆಲುವಿಗೂ ಕಡಿಮೆಯಾದ ಸುದ್ದಿಯಲ್ಲ.

ಎರಡನೆಯದು 1965. ಪಾಕಿಸ್ತಾನದೊಂದಿಗಿನ ಯುದ್ಧ ಮುಗಿಯುತ್ತಿದ್ದ ಸೆಪ್ಟೆಂಬರ್ 22ರಂದು ಅವರ ಮಗ, ವಾಯುಪಡೆಯ ಅಧಿಕಾರಿ ಕೆ. ಸಿ. ಕಾರ್ಯಪ್ಪ ಹಾರಿಸುತ್ತಿದ್ದ ಹಂಟರ್ ವಿಮಾನವು ಶತ್ರುವಿನ ಗುಂಡಿಗೆ ಸಿಕ್ಕಿ ಬಿತ್ತು. ಅವರು ಯುದ್ಧಕೈದಿಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮುನ್ನ ಕಾರ್ಯಪ್ಪನವರ ಕೈಕೆಳಗೆ ಸೇವೆ ಸಲ್ಲಿಸಿದವರು. ಹಳೆಯ ಮೇಲಧಿಕಾರಿಯ ಮಗನೆಂದು ತಿಳಿದು ವಿಶೇಷ ಸೌಲಭ್ಯ ನೀಡಲು, ಬೇಕಿದ್ದರೆ ಬಿಡುಗಡೆಯನ್ನೇ ಮಾಡಲು ಅವರು ಮುಂದಾದರು. ಕಾರ್ಯಪ್ಪನವರು ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲ ಭಾರತೀಯ ಸೈನಿಕರೂ ತನ್ನ ಮಕ್ಕಳೇ, ಒಬ್ಬನಿಗೆ ಕೊಡುವುದನ್ನು ಎಲ್ಲರಿಗೂ ಕೊಡಿ ಎಂಬುದು ಅವರ ಉತ್ತರದ ತಾತ್ಪರ್ಯ. ಮಗ ಮುಂದೆ ಏರ್ ಮಾರ್ಷಲ್ ಆಗಿ ನಿವೃತ್ತರಾದರು, ತಂದೆಯ ಜೀವನಚರಿತ್ರೆಯನ್ನೂ ಬರೆದರು.

ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ತಂದೆಯ ಕಠೋರ ನಿಷ್ಠೆಯನ್ನು ಹೊಗಳುತ್ತಾರೆ. ನಾನು ಗಮನಿಸಬಯಸುವುದು ಬೇರೆ ಒಂದು ಅಂಶ. ಆಗ ಕಾರ್ಯಪ್ಪನವರಿಗೆ ಯಾವ ಅಧಿಕಾರವೂ ಇರಲಿಲ್ಲ. ಅವರನ್ನು ಕಟ್ಟಿಹಾಕುವ ಆಜ್ಞೆಯಾಗಲಿ ಸೇವಾನಿಯಮವಾಗಲಿ ಇರಲಿಲ್ಲ. ನಿವೃತ್ತನಾದ ವೃದ್ಧ ತಂದೆಯೊಬ್ಬ ಮಗನಿಗಾಗಿ ಹಳೆಯ ಪರಿಚಯವನ್ನು ಬಳಸಿಕೊಂಡಿದ್ದರೆ ಲೋಕ ಆಡಿಕೊಳ್ಳುತ್ತಿರಲಿಲ್ಲ. ಪದವಿಯಲ್ಲಿದ್ದಾಗ ನಿಯಮ ಪಾಲಿಸುವುದು ಶಿಸ್ತು. ಪದವಿ ಹೋಗಿ, ನಿಯಮ ತೊಲಗಿ, ಪ್ರೀತಿಯೊಂದೇ ಉಳಿದಾಗಲೂ ಅದನ್ನು ಪಾಲಿಸುವುದು ಶೀಲ. ಮೂವತ್ತಮೂರು ವರ್ಷಗಳ ಸೇವೆ ಆ ಮನುಷ್ಯನಲ್ಲಿ ಏನನ್ನು ಉಳಿಸಿತ್ತು ಎಂಬುದಕ್ಕೆ ನಿವೃತ್ತಿಯೇ ಒರೆಗಲ್ಲಾಯಿತು. 1965ರಲ್ಲಿಯೂ 1971ರಲ್ಲಿಯೂ ಅವರು ಮುಂಚೂಣಿಯ ಸೈನಿಕರ ಬಳಿಗೆ ಹೋಗಿ ಅವರಿಗೆ ಧೈರ್ಯ ತುಂಬಿ ಬಂದರು ಎಂಬುದನ್ನೂ ಇದರ ಜೊತೆಗೇ ಓದಬೇಕು.

ಅವರ ನಿವೃತ್ತ ಬಾಳಿನ ಎಲ್ಲವೂ ಗೆಲುವಲ್ಲ. 1971ರಲ್ಲಿ ಮುಂಬಯಿಯ ಕ್ಷೇತ್ರವೊಂದರಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಸೇನೆ ರಾಜಕೀಯದಿಂದ ದೂರವಿರಬೇಕೆಂದು ಪಟ್ಟು ಹಿಡಿದಿದ್ದ ಮಹಾದಂಡನಾಯಕನೇ ಚುನಾವಣೆಯ ಕಣಕ್ಕಿಳಿದುದನ್ನು ಕಂಡು ಕೆಲವರು ಹುಬ್ಬೇರಿಸಿರಬಹುದು. ಸಮವಸ್ತ್ರ ಕಳಚಿದ ಮೇಲೆ ಅವರು ಒಬ್ಬ ನಾಗರಿಕ. ಮತ ಕೇಳುವ ಹಕ್ಕು ಅವರಿಗಿತ್ತು, ನಿರಾಕರಿಸುವ ಹಕ್ಕು ಮತದಾರನಿಗಿತ್ತು. ಅವರು ಸೋಲನ್ನು ಹೊತ್ತು ಮಡಿಕೇರಿಗೆ ಮರಳಿದರು. ನಮ್ಮ ನೆರೆಯ ದೇಶಗಳಲ್ಲಿ ಸೇನಾಪತಿಗಳು ಮತ ಕೇಳದೆಯೇ ಸಿಂಹಾಸನವೇರಿದ ಕಾಲ ಅದು. ನಮ್ಮ ಮೊದಲ ಮಹಾದಂಡನಾಯಕ ಮತಪೆಟ್ಟಿಗೆಯ ಮುಂದೆ ನಿಂತು ಸೋತ ಎಂಬುದು ಅವರ ಚರಿತ್ರೆಗೆ ಕಳಂಕವಲ್ಲ. ನಮ್ಮ ಗಣರಾಜ್ಯಕ್ಕೆ ಅದು ಗೌರವ.

ಮುಪ್ಪಿನಲ್ಲಿ ಬಂದ ಪದವಿ, ಮಡಿಕೇರಿಯ ಚಿತೆ

1986ರಲ್ಲಿ, ನಿವೃತ್ತಿಯಾಗಿ ಮೂವತ್ತಮೂರು ವರ್ಷ ಕಳೆದ ಮೇಲೆ, ಎಂಬತ್ತೈದು ದಾಟಿದ ಕಾರ್ಯಪ್ಪನವರಿಗೆ ಸರಕಾರ ಫೀಲ್ಡ್ ಮಾರ್ಷಲ್ ಪದವಿ ನೀಡಿತು. ಅವರಿಗಿಂತ ಕಿರಿಯರಾದ ಸ್ಯಾಮ್ ಮಾಣೆಕ್‌ಷಾ ಅವರಿಗೆ ಈ ಪದವಿ 1973ರಲ್ಲಿಯೇ ಬಂದಿತ್ತು. ಫೀಲ್ಡ್ ಮಾರ್ಷಲ್ ಎಂಬುದಕ್ಕೆ ಒಂದು ವಿಶೇಷವಿದೆ. ಆ ಪದವಿಗೆ ನಿವೃತ್ತಿಯಿಲ್ಲ. ಅದನ್ನು ಪಡೆದವನು ಜೀವಮಾನವಿಡೀ ಸೇವೆಯಲ್ಲಿರುವ ಅಧಿಕಾರಿಯೆಂದೇ ಗಣನೆ. ಅಂದರೆ ಮೂರು ದಶಕಗಳಿಗೂ ಮೀರಿ ನಿವೃತ್ತರಾಗಿದ್ದ ವೃದ್ಧರು ಒಂದು ಆಜ್ಞೆಯಿಂದ ಮತ್ತೆ ಸೇನೆಯೊಳಕ್ಕೆ ಬಂದರು.

1993ರ ಮೇ 15ರಂದು ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ, ನಿದ್ರೆಯಲ್ಲಿಯೇ, ಅವರು ತೀರಿಕೊಂಡರು. ಎರಡು ದಿನಗಳ ಬಳಿಕ ಮಡಿಕೇರಿಯಲ್ಲಿ ದಹನಸಂಸ್ಕಾರ ನಡೆಯಿತು. ಭೂಸೇನೆ, ನೌಕಾಪಡೆ, ವಾಯುಪಡೆಗಳ ಮುಖ್ಯಸ್ಥರು ಮೂವರೂ ಆ ಬೆಟ್ಟದೂರಿಗೆ ಬಂದರು. ವಯಸ್ಸಾಗಿದ್ದ ಮಾಣೆಕ್‌ಷಾ ಅವರೂ ಬಂದರು. ಮಗ ಚಿತೆಗೆ ಬೆಂಕಿಯಿಟ್ಟರು. ಗೌರವರಕ್ಷಕರು ಬಂದೂಕಿನ ಮೂತಿಯನ್ನು ನೆಲಕ್ಕೆ ತಿರುಗಿಸಿ ನಿಂತರು, ಕಹಳೆಯವರು ಅಂತಿಮ ನಮನದ ಧ್ವನಿ ಮೊಳಗಿಸಿದರು.

ಕೊಡವರ ಸಂಪ್ರದಾಯದಲ್ಲಿ ಹುಟ್ಟಿಗೂ ಕೋವಿ ಮಾತನಾಡುತ್ತದೆ, ಸಾವಿಗೂ ಮಾತನಾಡುತ್ತದೆ. ಮನೆಯಲ್ಲಿ ಸಾವಾದರೆ ಗುಂಡು ಹಾರಿಸಿ ನೆರೆಹೊರೆಗೆ ತಿಳಿಸುವುದು ಅವರ ರೂಢಿ. ಸದ್ದು ಕೇಳಿದವನು ಕೈಕೆಲಸ ಬಿಟ್ಟು ಆ ಮನೆಗೆ ಹೋಗಬೇಕು. ಸತ್ತವನು ಯಾರು, ಯಾವ ಪದವಿಯವನು ಎಂಬುದನ್ನು ಕೋವಿ ಹೇಳುವುದಿಲ್ಲ. ಎಲ್ಲರ ಸಾವಿಗೂ ಅದೇ ಸದ್ದು. ಸೇನೆಯ ಮರ್ಯಾದೆ ಪದವಿಯನ್ನು ಅಳೆದು ಸಲ್ಲುತ್ತದೆ, ಊರಿನ ಮರ್ಯಾದೆ ಮನುಷ್ಯನಾದುದಕ್ಕೇ ಸಲ್ಲುತ್ತದೆ. ಒಬ್ಬ ಯೋಧನ ಅಂತ್ಯಸಂಸ್ಕಾರಕ್ಕೆ ಎರಡೂ ಬೇಕು. ಮೊದಲನೆಯದು ತಪ್ಪಿದರೆ ರಾಜ್ಯಕ್ಕೆ ನಾಚಿಕೆ, ಎರಡನೆಯದು ತಪ್ಪಿದರೆ ನಮಗೆ.

ಇಲ್ಲಿ ಅಹಿತಕರವಾದ ಪ್ರಶ್ನೆಯೊಂದನ್ನು ಕೇಳಲೇಬೇಕು. 1986ರ ಪದವಿ ಬರುವ ಮುನ್ನವೇ ಕಾರ್ಯಪ್ಪನವರು ತೀರಿಕೊಂಡಿದ್ದರೆ? ಅದೇ ಮನುಷ್ಯ, ಅದೇ ಸೇವೆ, ಅದೇ ಶೀಲ. ಆದರೆ ಆಗ ಅವರು ನಿವೃತ್ತ ಜನರಲ್ ಮಾತ್ರ. ಮೂರು ಪಡೆಗಳ ಮುಖ್ಯಸ್ಥರು ಆಗಲೂ ಘಟ್ಟ ಹತ್ತುತ್ತಿದ್ದರೇ? ಹತ್ತುತ್ತಿದ್ದರೆಂದೇ ನಂಬೋಣ. ಆದರೂ ಗೌರವವು ಬಾಳಿದ ಬಾಳಿಗಿಂತ ಹೊತ್ತ ಬಿರುದನ್ನು ನೆಚ್ಚಿಕೊಂಡಿರುವ ವ್ಯವಸ್ಥೆಯಲ್ಲಿ, ಬಿರುದಿಲ್ಲದ ಸುಬೇದಾರನ ಗತಿಯೇನು ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಬಿರುದಿದ್ದರೂ ಗೌರವ ತಪ್ಪಬಹುದೆಂಬುದಕ್ಕೆ ಮಾಣೆಕ್‌ಷಾ ಅವರ ಕೊನೆಯೇ ನಿದರ್ಶನ. 2008ರ ಜೂನ್ 27ರಂದು ನೀಲಗಿರಿಯ ವೆಲ್ಲಿಂಗ್ಟನ್ನಿನ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಉದಕಮಂಡಲದ ಪಾರಸಿ ಸ್ಮಶಾನದಲ್ಲಿ ಸೇನಾ ಮರ್ಯಾದೆಯೊಂದಿಗೆ ಸಂಸ್ಕಾರವಾಯಿತು. ಆದರೆ ರಾಷ್ಟ್ರಪತಿ, ಪ್ರಧಾನಿ, ರಕ್ಷಣಾ ಸಚಿವರು ಬರಲಿಲ್ಲ, ರಾಷ್ಟ್ರೀಯ ಶೋಕ ಘೋಷಣೆಯಾಗಲಿಲ್ಲ. ಬಂದವರು ಆ ಖಾತೆಯ ರಾಜ್ಯ ಸಚಿವರು. ಹದಿನೈದು ವರ್ಷಗಳ ಹಿಂದೆ ಕಾರ್ಯಪ್ಪನವರ ಚಿತೆಯ ಬಳಿ ಬಂದು ನಿಂತವರ ಕೊನೆಯ ಪಯಣ ಹೀಗಾಯಿತು. ಅದಕ್ಕೂ ಮುನ್ನ, ಫೀಲ್ಡ್ ಮಾರ್ಷಲ್ ಪದವಿಗೆ ಸಲ್ಲಬೇಕಾದ ಪೂರ್ಣ ವೇತನದ ಬಾಕಿ, ಒಂದು ಕೋಟಿ ರೂಪಾಯಿಗೂ ಮಿಕ್ಕ ಮೊತ್ತ, ಅವರ ಕೈಸೇರಿದ್ದು 2007ರಲ್ಲಿ. ಪದವಿ ಬಂದು ಮೂವತ್ತು ವರ್ಷಗಳೇ ಕಳೆದಿದ್ದವು, ಅವರು ತೊಂಬತ್ತು ದಾಟಿದ್ದರು.

ಕೊಡಂದೇರ ಮನೆತನದವರೇ ಆದ ಜನರಲ್ ಕೆ. ಎಸ್. ತಿಮ್ಮಯ್ಯನವರ ಕಥೆ ಇನ್ನೊಂದು ಬಗೆಯದು. 1961ರಲ್ಲಿ ಸೇನಾ ಮುಖ್ಯಸ್ಥರ ಹುದ್ದೆಯಿಂದ ನಿವೃತ್ತರಾದ ಅವರು 1964ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆ ಶಾಂತಿಪಾಲನಾ ಪಡೆಯ ನಾಯಕತ್ವ ವಹಿಸಿದರು. 1965ರ ಡಿಸೆಂಬರ್ 18ರಂದು ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಸೈಪ್ರಸ್ ಮರುವರ್ಷವೇ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಅವರು ಹುಟ್ಟಿದ ಮಡಿಕೇರಿಯ 'ಸನ್ನಿಸೈಡ್' ಮನೆಯಾದರೋ ಬಹುಕಾಲ ಸಾರಿಗೆ ಇಲಾಖೆಯ ಕಚೇರಿಯಾಗಿತ್ತು. ಅದು ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಗೊಂಡದ್ದು 2021ರ ಫೆಬ್ರುವರಿಯಲ್ಲಿ. ದೂರದ ದ್ವೀಪವೊಂದು ತಿಂಗಳುಗಳಲ್ಲಿ ಮಾಡಿದ್ದಕ್ಕೆ ಹುಟ್ಟೂರಿಗೆ ಐವತ್ತೈದು ವರ್ಷ ಬೇಕಾಯಿತು.

ಶಾಸನಗಳು ಹೇಳುವುದೇನು

ಈ ಮರೆವು ನಮ್ಮ ಸಂಸ್ಕೃತಿಯಲ್ಲಿಯೇ ಇದೆ, ವೀರಗಲ್ಲು ಸತ್ತವನಿಗಷ್ಟೇ ಅಲ್ಲವೇ ಎಂದು ಯಾರಾದರೂ ಸಮಾಧಾನ ಹೇಳಿಕೊಳ್ಳಬಹುದು. ನಾನೇ ಮೊದಲಿಗೆ ಆ ತೆರವನ್ನು ಗುರುತಿಸಿದೆ. ಆದರೆ ಕಲ್ಲಿನ ಶಿಲ್ಪವನ್ನು ಬಿಟ್ಟು ಅದರ ಬರಹಕ್ಕೆ ಬಂದರೆ ಬೇರೆ ಸಂಗತಿಯೂ ತೋರುತ್ತದೆ.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಕನ್ನಡ ಓದುಗರು ಬಲ್ಲರು. ಕಾಳಿ ಎಂಬ ನಾಯಿಗೆ ನಿಲ್ಲಿಸಿದ ಕಲ್ಲು ಎಂಬುದು ಅದರ ಪ್ರಸಿದ್ಧಿ. ಆದರೆ ಆ ಕಥೆಯ ಮೂಲದಲ್ಲಿ ಬದುಕುಳಿದ ಒಬ್ಬ ಯೋಧನಿದ್ದಾನೆ. 949ರ ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದ ಗಂಗ ಬೂತುಗನು, ತನ್ನ ವೀರ ಮಣಲೇರನ ಶೌರ್ಯಕ್ಕೆ ಮೆಚ್ಚಿ, ಏನು ಬೇಕೋ ಕೇಳಿಕೋ ಎಂದ. ಮಣಲೇರ ಕೇಳಿದ್ದು ಆ ನಾಯಿಯನ್ನು. ಆ ನಾಯಿ ಹಂದಿಯೊಡನೆ ಕಾದಾಡಿ ಸತ್ತಾಗ ಕಲ್ಲು ನಿಂತಿತು. ಬೂತುಗ ಅಷ್ಟಕ್ಕೇ ನಿಲ್ಲದೆ ಮಣಲೇರನಿಗೆ ಆತಕೂರನ್ನು ಬಾಳ್ಗಳ್ಚಾಗಿ ಕೊಟ್ಟ. ಬಾಳ್ಗಳ್ಚು ಎಂದರೆ ಕತ್ತಿ ತೊಳೆದು ಕೊಡುವ ಭೂಮಿ. ಮಡಿದವನ ಮನೆಯವರಿಗೆ ಕೊಡುವ ನೆತ್ತರುಗೊಡಗೆಯೂ ಇತ್ತು. ಎರಡಕ್ಕೂ ಬೇರೆ ಬೇರೆ ಹೆಸರಿದೆ ಎಂಬುದನ್ನು ಗಮನಿಸಬೇಕು. ರಕ್ತ ತೊಳೆದ ಕತ್ತಿಯನ್ನು ಹಿಡಿದು ಮನೆಗೆ ಮರಳುವವನಿಗೆ ಮುಂದಿನ ಬಾಳಿದೆ, ಅದಕ್ಕೆ ಅನ್ನದ ದಾರಿ ಬೇಕು ಎಂಬ ಅರಿವು ಆ ಒಂದು ಪದದಲ್ಲಿದೆ. ಏನು ಬೇಕೆಂದು ಅವನನ್ನೇ ಕೇಳಿದ ಸೌಜನ್ಯವೂ ಆ ಕಲ್ಲಿನಲ್ಲಿದೆ. ಸಮಾನ ಪದವಿಗೆ ಸಮಾನ ಪಿಂಚಣಿ ಬೇಕೆಂದು 2015ರಲ್ಲಿ ಮಾಜಿ ಸೈನಿಕರು ದಿಲ್ಲಿಯ ಜಂತರ್ ಮಂತರ್‌ನಲ್ಲಿ ತಿಂಗಳುಗಟ್ಟಲೆ ಕುಳಿತಾಗ ನನಗೆ ನೆನಪಾದದ್ದು ಈ ಶಾಸನ. ಸಾವಿರ ವರ್ಷಗಳ ಹಿಂದಿನ ಅರಸ ತಾನಾಗಿ ಕೇಳಿದ್ದನ್ನು, ನಮ್ಮ ಕಾಲದ ಯೋಧರು ಬೀದಿಯಲ್ಲಿ ಕುಳಿತು ಹೇಳಬೇಕಾಯಿತು.

ಇನ್ನು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ. ಗಂಗ ದೊರೆ ಇಮ್ಮಡಿ ಮಾರಸಿಂಹನ ಯುದ್ಧಗಳ ದೀರ್ಘ ಪಟ್ಟಿ ಅಲ್ಲಿದೆ. ಅಷ್ಟೆಲ್ಲ ಜಯಗಳನ್ನು ಎಣಿಸಿದ ಮೇಲೆ ಶಾಸನ ಮುಗಿಯುವುದು ಯಾವ ಕಾಳಗದಿಂದಲೂ ಅಲ್ಲ. ರಾಜ್ಯವನ್ನು ಬಿಟ್ಟು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತದಲ್ಲಿದ್ದು ಅವನು ದೇಹ ಬಿಟ್ಟದ್ದರಿಂದ ಮುಗಿಯುತ್ತದೆ. ಹಿಡಿದದ್ದನ್ನೂ ಬಿಟ್ಟದ್ದನ್ನೂ ಒಂದೇ ಕಂಬದ ಮೇಲೆ ಕೊರೆದ ಆ ಶಾಸನಕಾರನಿಗೆ, ವೀರನ ಚರಿತ್ರೆ ಅವನ ಕೊನೆಯ ಯುದ್ಧಕ್ಕೆ ಮುಗಿಯುವುದಿಲ್ಲವೆಂಬುದು ತಿಳಿದಿತ್ತು.

ಅದೇ ಮಾರಸಿಂಹನಿಗೂ ಅವನ ನಂತರ ಬಂದ ರಾಚಮಲ್ಲನಿಗೂ ದಂಡನಾಯಕನಾಗಿದ್ದ ಚಾವುಂಡರಾಯನ ಬಿರುದುಗಳಲ್ಲಿಯೂ ಎರಡು ಸಾಲುಗಳಿವೆ. ಸಮರಧುರಂಧರ, ವೀರಮಾರ್ತಂಡ, ರಣರಂಗಸಿಂಗ ಎಂಬವು ಕಾಳಗದಲ್ಲಿ ಗಳಿಸಿದವು. ಸತ್ಯಯುಧಿಷ್ಠಿರ, ಶೌಚಾಭರಣ, ಗುಣರತ್ನಭೂಷಣ ಎಂಬವು ಬಾಳಿನಲ್ಲಿ ಗಳಿಸಿದವು. ಚಾವುಂಡರಾಯನು ನಿವೃತ್ತನಾಗಿ ಪುರಾಣ ಬರೆದವನಲ್ಲ, ಅಧಿಕಾರದಲ್ಲಿದ್ದಾಗಲೇ ಬರೆದವನು. ಆದರೂ ಇಂದು ಲೋಕ ಅವನನ್ನು ನೆನೆಯುವುದು ಉಚ್ಚಂಗಿಯ ಕೋಟೆಯನ್ನು ಗೆದ್ದವನೆಂದಲ್ಲ. 978ರ ಗದ್ಯಗ್ರಂಥಕ್ಕಾಗಿ, ವಿಂಧ್ಯಗಿರಿಯ ಗೊಮ್ಮಟನಿಗಾಗಿ ನೆನೆಯುತ್ತದೆ. ಆ ಗೊಮ್ಮಟನಾದರೋ ಗೆಲುವಿನ ಹೊಸ್ತಿಲಲ್ಲಿ ಎತ್ತಿದ ಕೈಯನ್ನು ಇಳಿಸಿ, ಗೆದ್ದದ್ದನ್ನು ಬಿಟ್ಟು ನಿಂತ ಯೋಧನ ಮೂರ್ತಿ. ಒಬ್ಬ ದಂಡನಾಯಕ ತನ್ನ ಆದರ್ಶವಾಗಿ ಕಡೆಯಿಸಿದ್ದು ಆಯುಧ ಹಿಡಿದ ವೀರನನ್ನಲ್ಲ ಎಂಬುದನ್ನು ನಾವು ಇನ್ನೂ ಪೂರ್ತಿಯಾಗಿ ಯೋಚಿಸಿಲ್ಲ.

ಎರಡು ಆಕ್ಷೇಪಗಳು

ನನ್ನ ಮಾತಿಗೆ ಬರಬಹುದಾದ ಆಕ್ಷೇಪ ಎರಡು. ನಿವೃತ್ತ ಸೈನಿಕನಿಗೆ ಪಿಂಚಣಿಯಿದೆ, 2003ರಿಂದ ಪ್ರತ್ಯೇಕ ಆರೋಗ್ಯ ಯೋಜನೆಯಿದೆ, ಕ್ಯಾಂಟೀನಿದೆ. ಶಿಕ್ಷಕನಿಗೂ ದಾದಿಗೂ ಇಲ್ಲದ ಗೌರವ ಅವನಿಗೇ ಏಕೆ ಎಂಬುದು ಮೊದಲನೆಯದು. ಪ್ರಶ್ನೆ ನ್ಯಾಯವಾದದ್ದು. ಶಿಕ್ಷಕನ ಮುಪ್ಪನ್ನೂ ದಾದಿಯ ಮುಪ್ಪನ್ನೂ ಗೌರವಿಸಬೇಕೆಂಬುದೇ ಅದಕ್ಕೆ ಉತ್ತರ, ಸೈನಿಕನ ಗೌರವವನ್ನು ಕಡಿಮೆ ಮಾಡುವುದಲ್ಲ. ಅಷ್ಟೇ ಅಲ್ಲ, ಸಾಯಲು ಸಿದ್ಧನಾಗಿರಬೇಕೆಂಬ ಕರಾರಿನ ಮೇಲೆ ನಾವು ಕೆಲಸಕ್ಕೆ ಕರೆದದ್ದು ಅವನನ್ನು. ಸಾಯದೆ ಮರಳಿದ್ದು ಅವನ ಭಾಗ್ಯ. ಆ ಭಾಗ್ಯವನ್ನೇ ನಾವು ಅವನನ್ನು ಮರೆಯಲು ಕಾರಣ ಮಾಡಿಕೊಳ್ಳಬಾರದು.

ಎರಡನೆಯದು, ಇದು ವ್ಯಕ್ತಿಪೂಜೆಗೂ ಯುದ್ಧೋನ್ಮಾದಕ್ಕೂ ದಾರಿಯಲ್ಲವೇ ಎಂಬುದು. ನನಗೆ ತೋರುವುದು ಇದರ ವಿರುದ್ಧ. ಯುದ್ಧವನ್ನು ವೈಭವೀಕರಿಸುವವರಿಗೆ ಮಡಿದ ತರುಣನ ಚಿತ್ರ ಅನುಕೂಲ, ಅವನು ತಿರುಗಿ ಮಾತನಾಡುವುದಿಲ್ಲ. ಮುಪ್ಪಾದ ಯೋಧ ಮಾತನಾಡುತ್ತಾನೆ. ಯುದ್ಧ ಏನೆಂಬುದನ್ನು ಕಂಡವನು ಅವನು. ಅವನ ಮಂಡಿ ನೋಯುತ್ತದೆ, ಅವನ ಗೆಳೆಯರಲ್ಲಿ ಯಾರು ಮರಳಲಿಲ್ಲವೆಂಬುದು ಅವನಿಗೆ ನೆನಪಿದೆ. ಅಂಥವನ ಬಳಿ ಕುಳಿತು ಕೇಳುವ ಊರು ಸುಲಭವಾಗಿ ರಣಘೋಷ ಮಾಡುವುದಿಲ್ಲ.

ಮಂಗಳೂರಿಗೆ ಒಂದು ಮಾತು

ಮಂಗಳೂರು ದಂಡುಪ್ರದೇಶವಲ್ಲ. ಇಲ್ಲಿ ನಿವೃತ್ತ ಅಧಿಕಾರಿಯೊಬ್ಬರು ತೀರಿಕೊಂಡಾಗ ಪಕ್ಕದ ಬೀದಿಯಿಂದ ಪಲ್ಟನ್ನು ಬಂದು ನಿಲ್ಲುವುದಿಲ್ಲ. ಮಕ್ಕಳು ಹೊರನಾಡಿನಲ್ಲಿ, ಹೊರದೇಶದಲ್ಲಿ ಇರುವುದು ಈ ನಗರದ ಮನೆಮನೆಯ ಕಥೆ. ಆದ್ದರಿಂದ ಇಲ್ಲಿ ಆ ಹೊಣೆ ಹೆಚ್ಚಾಗಿ ಬೀಳುವುದು ಮಾಜಿ ಸೈನಿಕರ ಸಂಘದವರ ಮೇಲೆ ಮತ್ತು ನೆರೆಹೊರೆಯವರ ಮೇಲೆ. ಸಂಘದವರು ತಮ್ಮ ಪಾಲಿನದನ್ನು ಮಾಡುತ್ತಾರೆ. ನೆರೆಹೊರೆಯವರಾದ ನಾವು ಮಾಡಬಹುದಾದುದನ್ನು ಮೂರು ಮಾತುಗಳಲ್ಲಿ ಹೇಳುತ್ತೇನೆ.

ಒಂದು, ಬದುಕಿರುವಾಗ ಕೇಳುವುದು. ಈ ನಗರದಲ್ಲಿ ಇತಿಹಾಸ ವಿಭಾಗವಿರುವ ಕಾಲೇಜುಗಳು ಸಾಕಷ್ಟಿವೆ. ಪ್ರತಿ ವರ್ಷ ಹತ್ತು ಮಂದಿ ಹಿರಿಯ ಯೋಧರ ನೆನಪುಗಳನ್ನು, ಅವರ ಭಾಷೆಯಲ್ಲಿಯೇ, ತುಳುವಾಗಲಿ ಕೊಂಕಣಿಯಾಗಲಿ ಬ್ಯಾರಿಯಾಗಲಿ ಕನ್ನಡವಾಗಲಿ, ವಿದ್ಯಾರ್ಥಿಗಳಿಂದ ದಾಖಲಿಸಿದರೆ ಮುಂದಿನ ಪೀಳಿಗೆಗೆ ಅದು ಶಾಸನವಾಗುತ್ತದೆ. 1962, 1965, 1971ರ ಯುದ್ಧಗಳನ್ನು ಕಂಡವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಈ ಕೆಲಸಕ್ಕೆ ಕಾಲಾವಕಾಶ ಹೆಚ್ಚಿಲ್ಲ.

ಎರಡು, ಸಾವಾದಾಗ ಹೋಗುವುದು. ಕೊಡವರ ಕೋವಿಯ ಸದ್ದು ನಮ್ಮಲ್ಲಿಲ್ಲ, ಮೊಬೈಲಿನ ಸಂದೇಶವಿದೆ. ಅದನ್ನು ಓದಿ ಕೈಮುಗಿಯುವ ಚಿತ್ರವೊಂದನ್ನು ಕಳುಹಿಸಿ ಮುಗಿಸದೆ, ಆ ಮನೆಯ ಅಂಗಳಕ್ಕೆ ನಡೆದು ಹೋಗುವುದು. ಸರಕಾರ ಕಳುಹಿಸುವ ಹೂಗುಚ್ಛ ಪದವಿಗೆ ತಕ್ಕಂತೆ ಬರಬಹುದು, ಬಾರದಿರಬಹುದು. ಅಂಗಳ ತುಂಬುವುದು ಮಾತ್ರ ನಮ್ಮ ಕೈಯಲ್ಲಿದೆ.

ಮೂರು, ಜನವರಿ ಹದಿನಾಲ್ಕನ್ನು ನೆನೆಯುವುದು. ಹದಿನೈದರಂದು ಸೇನೆಯ ಕವಾಯತನ್ನು ದೂರದರ್ಶನದಲ್ಲಿ ನೋಡುವ ಮುನ್ನ, ಹದಿನಾಲ್ಕರಂದು ಸಂಕ್ರಮಣದ ಎಳ್ಳು-ಬೆಲ್ಲವನ್ನು ಬೀದಿಯ ಹಿರಿಯ ಯೋಧನ ಮನೆಗೆ ಒಯ್ದು ಕೊಡುವುದಕ್ಕೆ ಯಾವ ಆಜ್ಞೆಯೂ ಯಾವ ಅನುದಾನವೂ ಬೇಕಾಗಿಲ್ಲ. ಬೂತುಗನು ಮಣಲೇರನನ್ನು ಕೇಳಿದಂತೆ, ಏನು ಬೇಕೆಂದು ಅವರನ್ನೇ ಒಮ್ಮೆ ಕೇಳಲೂಬಹುದು. ಹೆಚ್ಚಿನವರು ಏನನ್ನೂ ಬೇಡುವವರಲ್ಲ. ಒಂದು ಗಳಿಗೆ ಕುಳಿತುಕೊಳ್ಳಿ ಎಂದಷ್ಟೇ ಅಂದಾರು.